ನಿಂಬೆಹಣ್ಣು ಪಾನಕಕ್ಕಿರಲಿ

ಅಕ್ಕನ ಮದುವೆಗೆ ಇನ್ನು ನಾಲ್ಕು ದಿನ ಇತ್ತು. ಮನೆ ತುಂಬ ನೆಂಟರು, ಪಾರ್ಲರಿಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ. ಪಾನಕಕ್ಕೆಂದು ತಂದಿಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ಹೋಳು ಮಾಡಿ, ಸಕ್ಕರೆಯಲ್ಲಿ ಅದ್ದಿ, ಹಣೆಗೂ ಕೆನ್ನೆಗೂ ಚೆನ್ನಾಗಿ ಉಜ್ಜಿಕೊಂಡೆ. ಉರಿಯಿತು. "ಉರಿದರೇನೇ ಕೆಲಸ ಮಾಡ್ತಿದೆ ಅಂತ ಅರ್ಥ ಕಣೇ" ಎಂದರು ಸೋದರತ್ತೆ. ಮುಖಕ್ಕೆ ಒಂದಿಷ್ಟು ನೀರು ಎರಚಿಕೊಂಡು ಮಹಡಿಗೆ ಹೋಗಿ, ಸಂಡಿಗೆ ಇಡುವವರ ಜೊತೆ ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕೂತಿದ್ದೆ. ಮರುದಿನ ಕೆನ್ನೆ ಕೆಂಪಾಗಿ ಚುರುಗುಟ್ಟತೊಡಗಿತು. ಧಾರೆಯ ಹೊತ್ತಿಗೆ ರಸ ಇಳಿದ ದಾರಿಯಲ್ಲೇ ಕಂದು ಗೆರೆಗಳು ಮೂಡಿದ್ದವು. ಆಲ್ಬಮ್ಮಿನಲ್ಲಿ ನನ್ನ ಎಡಗೆನ್ನೆ ಕಾಣುವ ಫೋಟೊ ಒಂದೂ ಇಲ್ಲ. ನಾನೇ ಹಾಗೆ ನಿಂತಿದ್ದೆ.

ಅದಕ್ಕೆ ಫೈಟೊಫೋಟೊಡರ್ಮಟೈಟಿಸ್ ಎಂಬ ಉದ್ದದ ಹೆಸರಿದೆ ಎಂದು ಆಮೇಲೆ ಚರ್ಮದ ಡಾಕ್ಟರು ಹೇಳಿದರು. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ವಸ್ತುಗಳಿರುತ್ತವೆ. ಚರ್ಮದ ಮೇಲೆ ಅವು ಸುಮ್ಮನೆ ಕೂತಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದೊಡನೆ ಕೆರಳಿ ಜೀವಕೋಶಗಳನ್ನು ಸುಡುತ್ತವೆ. ಸುಟ್ಟ ಗಾಯ ವಾರದಲ್ಲಿ ಮಾಗುತ್ತದೆ, ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ.

ಸೋದರತ್ತೆಯ ಮಾತನ್ನೇ ತಿರುವಿ ಹಾಕಿದರೆ ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಸಿಕ್ಕಿಬಿಡುತ್ತದೆ: ನಮ್ಮ ಚರ್ಮದ ಮಟ್ಟಿಗೆ ಉರಿ ಎಂಬುದು ಕಪ್ಪಿಗೆ ಕೊಟ್ಟ ಮುಂಗಡ. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಶುರುಮಾಡಿದ ಒಂದು ವರ್ಗೀಕರಣವಿದೆ. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಈಗ ಅದರಲ್ಲಿ ಆರು ಗುಂಪುಗಳು. ನಮ್ಮಲ್ಲಿ ಬಹಳಷ್ಟು ಜನ ನಾಲ್ಕು ಮತ್ತು ಐದನೆಯ ಗುಂಪಿಗೆ ಸೇರುತ್ತಾರೆ. ಈ ಚರ್ಮ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಸುಕ್ಕು ತಡವಾಗಿ ಬೀಳುತ್ತದೆ. ಆದರೆ ಗೀರು, ಸುಟ್ಟದ್ದು, ಚಿವುಟಿದ ಮೊಡವೆ, ಹೆಚ್ಚು ಉಜ್ಜಿದ್ದು, ಯಾವುದಾದರೂ ಸರಿ, ಅದಕ್ಕೆ ಗೊತ್ತಿರುವ ಉತ್ತರ ಒಂದೇ: ಅಲ್ಲಿಗೆ ಇನ್ನಷ್ಟು ಮೆಲನಿನ್ ತಂದು ಸುರಿಯುವುದು. ಹಾಗಾಗಿ ಬಿಳಿ ಚರ್ಮದವರಿಗೆಂದು ಮಾಡಿದ ವಿಡಿಯೊ ನೋಡಿ ನಾವು ಉಜ್ಜಿಕೊಂಡರೆ ಅವರ ಕೆಂಪು ನಾಳೆಗೆ ಇಳಿಯುತ್ತದೆ, ನಮ್ಮ ಕಪ್ಪು ಮುಂದಿನ ಹಬ್ಬದವರೆಗೂ ನಿಲ್ಲುತ್ತದೆ.

ಹಾಗಾದರೆ ಫೇಶಿಯಲ್ಲಿನಿಂದ ಬರುವ ಹೊಳಪು ಯಾವುದು? ಚರ್ಮದ ಅತಿ ಮೇಲಿನ, ಸತ್ತ ಕೋಶಗಳ ಪದರ ಮುಖದಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ದಪ್ಪವಿರುತ್ತದೆ. ಅದು ಒಣಗಿದಾಗ ಅಂಚುಗಳು ಎದ್ದು, ಬೆಳಕು ಚೆಲ್ಲಾಪಿಲ್ಲಿಯಾಗಿ ಮುಖ ಮಂಕಾಗುತ್ತದೆ. ತೇವವಿದ್ದು ನುಣುಪಾಗಿದ್ದರೆ ಬೆಳಕು ನೇರವಾಗಿ ತಿರುಗಿ ಬರುತ್ತದೆ. ಧೂಳು ಕೂತ ಕಡಪ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ನೆಲ ಹೊಳೆಯುತ್ತದೆ, ಕಲ್ಲಿನ ಬಣ್ಣ ಕಲ್ಲಿನದೇ. ಮನೆಯ ಫೇಶಿಯಲ್ಲಿಗೆ ಆಗುವ ಕೆಲಸ ಇಷ್ಟೇ, ಮತ್ತು ಇದು ಕಡಿಮೆಯದೇನಲ್ಲ. 'ಫೇರ್ ಅಂಡ್ ಲವ್ಲಿ' 2020ರಲ್ಲಿ ತನ್ನ ಹೆಸರಿನ 'ಫೇರ್' ಕಿತ್ತು 'ಗ್ಲೋ' ಎಂದು ಬರೆದುಕೊಂಡಿತು. ಹೆಣ್ಣು ನೋಡಲು ಬಂದವರು 'ಬಣ್ಣ ಸ್ವಲ್ಪ ಕಮ್ಮಿ' ಎನ್ನುವುದನ್ನು ಇನ್ನೂ ಬಿಟ್ಟಿಲ್ಲ, ಆ ಮಾತು ಬೇರೆ.

ಶುರುಮಾಡುವ ಮುಂಚೆ

ಕೀವು ತುಂಬಿದ ಮೊಡವೆ, ತುಟಿಯಂಚಿನ ನೀರ್ಗುಳ್ಳೆ, ಇಸುಬು, ಬಿಸಿಲಿಗೆ ಸುಲಿದ ಚರ್ಮ ಇದ್ದರೆ ಫೇಶಿಯಲ್ ಮುಂದಕ್ಕೆ ಹಾಕಿ. ಥ್ರೆಡಿಂಗ್, ವ್ಯಾಕ್ಸಿಂಗ್ ಆದ ಮೇಲೆ ಎರಡು ದಿನ ಬಿಡಿ. ಗಂಡಸರಿಗೂ ಇದೇ ಲೆಕ್ಕ: ಶೇವ್ ಮಾಡಿದ ದಿನ ಪ್ಯಾಕ್ ಬೇಡ, ಬ್ಲೇಡು ಆಗಲೇ ಒಂದು ಪದರ ಕೆರೆದಿರುತ್ತದೆ. ಮೊಡವೆಗೆಂದು ಟ್ರೆಟಿನಾಯಿನ್, ಅಡಪಲೀನ್ ಅಥವಾ ರೆಟಿನಾಲ್ ಹಚ್ಚುತ್ತಿರುವವರ ಚರ್ಮ ಮೊದಲೇ ನಾಜೂಕಾಗಿರುತ್ತದೆ, ಅವರು ಉಜ್ಜುವ ಭಾಗವನ್ನೇ ಬಿಡಬೇಕು. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ಏನೂ ಬೇಡ.

ಎರಡು ದಿನ ಮೊದಲೇ ಪರೀಕ್ಷೆ ಮಾಡಿ. ಮುಖಕ್ಕೆ ಹಚ್ಚಬೇಕೆಂದಿರುವುದನ್ನು ಮುಂಗೈ ಒಳಭಾಗದಲ್ಲೋ ಕಿವಿಯ ಹಿಂದೆಯೋ ಒಂದು ನಾಣ್ಯದಗಲ ಹಚ್ಚಿ, ಮುಖದ ಮೇಲೆ ಎಷ್ಟು ಹೊತ್ತು ಬಿಡುತ್ತೀರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಅಲರ್ಜಿ ಕೂಡಲೇ ಕಾಣಿಸಿಕೊಳ್ಳುವುದಿಲ್ಲ, 48 ಗಂಟೆ ಸಮಯ ಕೊಡಬೇಕು. "ದಿನಾ ತಿನ್ನೋ ಮೊಸರಿಗೂ ಪರೀಕ್ಷೆಯಾ?" ಎಂದು ನನ್ನ ಗೆಳತಿ ನಕ್ಕಿದ್ದಳು. ಹೊಟ್ಟೆಗೆ ಒಗ್ಗಿದ್ದೆಲ್ಲ ಕೆನ್ನೆಗೆ ಒಗ್ಗಬೇಕೆಂದಿಲ್ಲ. ಹಾಗಿದ್ದರೆ ಹಸಿಮೆಣಸಿನಕಾಯಿಯನ್ನೂ ಹಚ್ಚಿಕೊಳ್ಳಬಹುದಿತ್ತು.

ದೀಪ ಹಚ್ಚುವ ಹೊತ್ತಿನ ನಂತರ ಮಾಡಿ. ಪದರ ತೆಳುವಾದ ಮುಖಕ್ಕೆ ಬಿಸಿಲು ಬೀಳಬಾರದು, ರಾತ್ರಿಯಿಡೀ ವಿಶ್ರಾಂತಿ ಸಿಗಬೇಕು. ಒಟ್ಟು ಅರ್ಧ ಗಂಟೆ ಸಾಕು, ಹದಿನೈದು ದಿನಕ್ಕೊಮ್ಮೆ ಸಾಕು.

ಒಂದು ಸಂಜೆಯ ಕೆಲಸ

ಉಗುರು ಕತ್ತರಿಸಿ, ಕೈ ತೊಳೆದು, ಕೂದಲು ಮೇಲಕ್ಕೆ ಕಟ್ಟಿಕೊಳ್ಳಿ. ಮೃದುವಾದ ಫೇಸ್‌ವಾಶ್ ಹಾಕಿ ಮುಖ ತೊಳೆಯಿರಿ, ಮೈಸೋಪು ಬೇಡ. ಚರ್ಮ ಸ್ವಭಾವತಃ ತುಸು ಆಮ್ಲೀಯ, ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನ ಬಿಲ್ಲೆ 9–10. ನೀರು ಹಂಡೆಯ ಸುಡುನೀರಲ್ಲ, ಕೂಸಿಗೆ ಎರೆಯುವ ನೀರಿನ ಹದ.

ಆಮೇಲೆ ಹಬೆ. ಇದರ ಬಗ್ಗೆ ನನಗೆ ತಕರಾರಿದೆ. ಹಬೆ ಹಿಡಿದರೆ ರಂಧ್ರಗಳು ತೆರೆದುಕೊಳ್ಳುತ್ತವೆ, ತಣ್ಣೀರು ಹಾಕಿದರೆ ಮುಚ್ಚಿಕೊಳ್ಳುತ್ತವೆ ಎನ್ನುತ್ತಾರೆ. ರಂಧ್ರಕ್ಕೆ ಬಾಗಿಲೂ ಇಲ್ಲ, ಅದನ್ನು ಎಳೆಯುವ ಸ್ನಾಯುವೂ ಇಲ್ಲ. ಹಬೆಗೆ ಮೇಲಿನ ಜಿಡ್ಡು ಮೆತ್ತಗಾಗುತ್ತದೆ, ಅಷ್ಟೆ. ಅದಕ್ಕಾಗಿ ಕುದಿಯುವ ಪಾತ್ರೆಯ ಮೇಲೆ ಹೊದಿಕೆ ಹೊದ್ದು ಬಗ್ಗುವುದು, ಪಕ್ಕದಲ್ಲಿ ಮಗು ಓಡಾಡುವುದು, ಪಾತ್ರೆ ಮಗುಚುವುದು, ಇಷ್ಟು ಅಪಾಯ ಏಕೆ? ಕೆನ್ನೆಯ ಮೇಲೆ ಬಂಗು ಇರುವವರಿಗಂತೂ ಶಾಖವೇ ಶತ್ರು, ಬಿಸಿಲಿಲ್ಲದೆಯೂ ಬಿಸಿಯಿಂದ ಅದು ಗಾಢವಾಗಬಹುದು. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ತೆಳು ಟವೆಲನ್ನು ಎರಡು ನಿಮಿಷ ಮುಖದ ಮೇಲೆ ಹಾಕಿಕೊಂಡರೆ ಅದೇ ಕೆಲಸ ಆಗುತ್ತದೆ. ಬಂಗು ಇದ್ದವರಿಗೆ ಅದೂ ಬೇಡ.

ಸತ್ತ ಕೋಶ ತೆಗೆಯುವುದು ಮುಖ್ಯ ಘಟ್ಟ, ಹೆಚ್ಚು ಮಂದಿ ಎಡವುವುದೂ ಇಲ್ಲೇ. ಸಕ್ಕರೆ, ಉಪ್ಪು, ಕಾಫಿಪುಡಿ, ಆಕ್ರೋಟದ ಚಿಪ್ಪಿನ ಸ್ಕ್ರಬ್, ಇವೆಲ್ಲದರ ಕಣ ಒರಟು, ಮೂಲೆ ಚೂಪು. ತಿಕ್ಕಿದಾಗ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ, ಗೀರು ಎಂದರೆ ಮತ್ತೆ ಮೆಲನಿನ್. ವರ್ಷಗಟ್ಟಲೆ ನೈಲಾನ್ ಬ್ರಷ್ಷಿನಲ್ಲಿ ಮೈ ಉಜ್ಜಿದವರ ಬೆನ್ನು, ಹೆಗಲು, ಮೂಳೆ ಉಬ್ಬಿದ ಜಾಗಗಳಲ್ಲಿ ಬೀಳುವ ಕಪ್ಪಿಗೆ ಫ್ರಿಕ್ಷನ್ ಮೆಲನೋಸಿಸ್ ಎಂದೇ ಹೆಸರು. ಕಪ್ಪು ಹೋಗಲಿ ಎಂದು ಇನ್ನಷ್ಟು ಉಜ್ಜುತ್ತಾರೆ, ಅದು ಇನ್ನಷ್ಟು ಕಪ್ಪಾಗುತ್ತದೆ.

ನಮ್ಮ ಮನೆಗಳಲ್ಲೇ ಎರಡು ಒಳ್ಳೆಯ ವಸ್ತುಗಳಿವೆ. ಒಂದು ಮೊಸರು. ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಅಲ್ಪಸ್ವಲ್ಪ ಇರುತ್ತದೆ, ಪಿಎಚ್ ಸುಮಾರು 4.5, ಅಂದರೆ ಚರ್ಮಕ್ಕೆ ಹತ್ತಿರದ್ದೇ. ಅಂದಿನ ಸಿಹಿ ಮೊಸರು ತೆಳುವಾಗಿ ಹಚ್ಚಿ ಐದು ನಿಮಿಷ ಬಿಡಿ. ಹುಳಿ ಬಂದದ್ದು ಮಜ್ಜಿಗೆಹುಳಿಗೆ ಹೋಗಲಿ. ಇನ್ನೊಂದು ಹೆಸರುಹಿಟ್ಟು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅಜ್ಜಿ ಬಳಸುತ್ತಿದ್ದುದು ಇದನ್ನೇ, ಆದರೆ ಅವರು ಅದನ್ನು ವಸ್ತ್ರಗಾಳಿತ ಮಾಡುತ್ತಿದ್ದರು. ಆ ಒಂದು ಪದದಲ್ಲಿ ಅರ್ಧ ಸುರಕ್ಷತೆ ಇದೆ. ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿಮಾಡಿ ಹಾಗೇ ಹಚ್ಚಿಕೊಳ್ಳಬೇಡಿ. ಹಳೆಯ ಹತ್ತಿ ಪಂಚೆಯಲ್ಲಿ ಜರಡಿ ಹಿಡಿದು, ನೀರಾಗಿ ಕಲಸಿ, ಬೆರಳ ತುದಿಯಲ್ಲಿ ಒಂದು ನಿಮಿಷ ಸವರಿ ತೊಳೆಯಿರಿ. ಎರಡರಲ್ಲಿ ಯಾವುದಾದರೂ ಒಂದು. ಎರಡನ್ನೂ ಒಂದೇ ದಿನ ಮಾಡುವ ಆಸೆ ಬೇಡ.

ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ ಹಿಂಡಬೇಡಿ. ಆ ಕಪ್ಪು ಕೊಳೆಯಲ್ಲ, ರಂಧ್ರದೊಳಗಿನ ಜಿಡ್ಡು ಮತ್ತು ಮೆಲನಿನ್ ಗಾಳಿ ತಾಗಿ ಕಪ್ಪಾದದ್ದು. ಮೂಗು ಮತ್ತು ಮೇಲ್ದುಟಿ ಸೇರಿದ ಭಾಗದ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ನಾಳಗಳೊಂದಿಗೆ ಸಂಪರ್ಕವಿದೆ. ಅಲ್ಲಿ ಹಿಂಡಿದ ಗುಳ್ಳೆಯ ಸೋಂಕು ಮೇಲೇರುವುದು ಅಪರೂಪ, ಏರಿದರೆ ಪ್ರಾಣಕ್ಕೆ ಕುತ್ತು. 2% ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್ ವಾರಕ್ಕೆ ಎರಡು ಮೂರು ಸಲ ಬಳಸಿದರೆ ತಾನಾಗಿ ಕರಗುತ್ತಾ ಬರುತ್ತದೆ. ಫೇಶಿಯಲ್ ಮಾಡಿದ ದಿನ ಅದಕ್ಕೂ ರಜೆ.

ಮಸಾಜು ಐದು ನಿಮಿಷ, ಮಾಯಿಶ್ಚರೈಸರ್ ಹಚ್ಚಿಕೊಂಡೇ ಮಾಡಬಹುದು. ಕೊಬ್ಬರಿ ಎಣ್ಣೆ ಮೈಗೆ ಚೆನ್ನ, ಮೊಡವೆ ಏಳುವ ಮುಖಕ್ಕೆ ಅಲ್ಲ. ಗಲ್ಲದಿಂದ ಕಿವಿಯ ಕಡೆಗೆ, ಹುಬ್ಬಿನಿಂದ ಹಣೆಯ ಮೇಲಕ್ಕೆ ಹಗುರವಾಗಿ ಸವರಿ. ಕಣ್ಣಿನ ಸುತ್ತ ಉಂಗುರದ ಬೆರಳು ಮಾತ್ರ.

ಇನ್ನು ಪ್ಯಾಕ್. ನಾನು ಕಲಸುವುದು ಹೀಗೆ: ಒಂದು ದೊಡ್ಡ ಚಮಚ ಕಡಲೆಹಿಟ್ಟು, ಒಂದೂವರೆ ಚಮಚ ಮೊಸರು, ಕಾಲು ಚಮಚ ಜೇನು. ಒಣ ಚರ್ಮದವರು ಮೊಸರಿನ ಬದಲು ಕಾಯಿಸಿ ಆರಿಸಿದ ಹಾಲಿನ ಕೆನೆ ಹಾಕಲಿ. ಹಸಿ ಹಾಲು ಬೇಡ. ಜಿಡ್ಡು ಚರ್ಮದವರಿಗೆ ಮುಲ್ತಾನಿ ಮಿಟ್ಟಿ ಮತ್ತು ಪನ್ನೀರು. ಮುಲ್ತಾನಿ ಮಿಟ್ಟಿ ಎಣ್ಣೆ ಹೀರುವುದರಲ್ಲಿ ನಿಸ್ಸೀಮ. ಹೀರುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಅದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಹಳೇ ಗೋಡೆಯ ಗಾರೆಯ ಹಾಗೆ ಬಿರುಕು ಬಿಡುವವರೆಗೂ ನಗದೆ ಮಾತಾಡದೆ ಕೂರುವ ಪದ್ಧತಿ ಇದೆಯಲ್ಲ, ಅದು ತಪ್ಪು. ಯಾವ ಪ್ಯಾಕೇ ಆಗಲಿ ಹತ್ತು ನಿಮಿಷದೊಳಗೆ, ಅಂಚು ಒಣಗತೊಡಗಿ ನಡುವೆ ಇನ್ನೂ ಹಸಿ ಇರುವಾಗಲೇ, ನೀರು ಚಿಮುಕಿಸಿ ನೆನೆಸಿ ತೆಗೆಯಿರಿ. ಕಣ್ಣಿನ ಸುತ್ತ ಮತ್ತು ತುಟಿಗೆ ಹಚ್ಚಬೇಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಬಳಸುವ ಉಳಿತಾಯವೂ ಬೇಡ, ಅಷ್ಟರಲ್ಲಿ ಅದರಲ್ಲಿ ಬೂಸಲು ಸಂಸಾರ ಹೂಡಿರುತ್ತದೆ.

ಮುಖವನ್ನು ಉಜ್ಜದೆ ಒತ್ತಿ ಒರೆಸಿ. ಇನ್ನೂ ತುಸು ಒದ್ದೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ ಮಲಗಿ. ಬೆಳಗ್ಗೆ ಕನ್ನಡಿಯಲ್ಲಿ ಕಾಣುವ ಹೊಳಪಿನಲ್ಲಿ ಅರ್ಧ ಪಾಲು ಈ ಕೊನೆಯ ಹೆಜ್ಜೆಯದು. ಪ್ಯಾಕಿಗೆ ಅದರ ಹೆಸರು ಹೋಗುತ್ತದೆ, ಪಾಪ.

ಅಡುಗೆಮನೆಯ ಕೆಲವು ಹೆಸರುಗಳು

"ನಿಂಬೆಯಲ್ಲಿ ವಿಟಮಿನ್ ಸಿ ಇದೆಯಲ್ಲ?" ಇದೆ, 100 ಗ್ರಾಮಿಗೆ ಸುಮಾರು 50 ಮಿಲಿಗ್ರಾಂ. ಸಿಟ್ರಿಕ್ ಆಮ್ಲ ಅದರ ನೂರು ಪಟ್ಟು, ಸುಮಾರು 5 ಗ್ರಾಂ. ರಸದ ಪಿಎಚ್ 2ರಿಂದ 2.5. ಪಿಎಚ್ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಚರ್ಮದ 5ರಿಂದ 2ಕ್ಕೆ ಇಳಿದರೆ ಸಾವಿರ ಪಟ್ಟು. ಅಡುಗೆ ಸೋಡಾ ಇದಕ್ಕೆ ವಿರುದ್ಧ ದಿಕ್ಕಿನ ಏಟು, ಪಿಎಚ್ 8ರ ಮೇಲೆ. ಎರಡನ್ನೂ ಬೆರೆಸಿ ನೊರೆ ಬರುವುದನ್ನು ನೋಡಿ ಖುಷಿಪಡುವವರು ಅದನ್ನು ಸಿಂಕಿಗೆ ಸುರಿಯಲಿ, ಸಿಂಕು ಹೊಳೆಯುತ್ತದೆ. ಟೂತ್‌ಪೇಸ್ಟು ಹಲ್ಲಿಗೆ.

ಅರಿಶಿನದ ವಿಷಯ ಬಂದರೆ ದನಿ ತಗ್ಗಿಸಬೇಕಾಗುತ್ತದೆ, ನಮ್ಮ ಮನಸ್ಸಿನಲ್ಲಿ ಅದು ಅಷ್ಟು ಆಳದಲ್ಲಿದೆ. ಉರಿಯೂತ ತಗ್ಗಿಸುವ ಗುಣ ಅದಕ್ಕಿರುವುದು ನಿಜ. ಆದರೆ ಅಡುಗೆಯ ಅರಿಶಿನ ಬೇರೆ, ಮುಖಕ್ಕೆ ಹಚ್ಚುವ ಕಸ್ತೂರಿ ಅರಿಶಿನ ಬೇರೆ. ಎರಡನೆಯದು ಹಳದಿ ಹಿಡಿಸುವುದು ಕಡಿಮೆ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಪುಡಿಯಲ್ಲಿ ಬಹಳಷ್ಟು ಬೇರೆ ಗೆಡ್ಡೆಯದು. ಅಡುಗೆಯ ಅರಿಶಿನಪುಡಿಗೆ ಸೀಸದ ಕ್ರೋಮೇಟನ್ನೋ ಮೆಟಾನಿಲ್ ಹಳದಿಯನ್ನೋ ಬೆರೆಸುವ ಕಳ್ಳತನವೂ ಹಳೆಯದೇ. ಕೊಂಬು ತಂದು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದರೆ ಒಂದು ಪ್ಯಾಕಿಗೆ ಸಾಕು. ಅಪ್ಪಟ ಅರಿಶಿನಕ್ಕೂ ಅಲರ್ಜಿಯಾಗುವವರಿದ್ದಾರೆ, ಕುಂಕುಮ ಇಟ್ಟ ಜಾಗ ಕಪ್ಪಾಗುವವರಿರುವ ಹಾಗೆ. ಶ್ರೀಗಂಧದ ಕಥೆಯೂ ಇದೇ: ಕೊರಡು ತೇಯ್ದರೆ ಗಂಧ. ಅಗ್ಗದ ಪೊಟ್ಟಣದಲ್ಲಿರುವುದು ಹೆಚ್ಚಾಗಿ ಯಾವುದೋ ಮರದ ಪುಡಿಗೆ ಸೇರಿಸಿದ ಪರಿಮಳ.

ಕುಂಡದ ಲೋಳೆಸರ ಕತ್ತರಿಸಿದಾಗ ಮೊದಲು ಒಸರುವ ಹಳದಿ ರಸ ತುರಿಕೆ ತರುತ್ತದೆ. ಎಲೆಯನ್ನು ಲೋಟದಲ್ಲಿ ನೆಟ್ಟಗೆ ಕಾಲು ಗಂಟೆ ನಿಲ್ಲಿಸಿ, ಹಳದಿ ಇಳಿದ ಮೇಲೆ ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ತೆಗೆಯಿರಿ. ಪರಂಗಿ ಹಣ್ಣು ಪೂರ್ತಿ ಕಳಿತದ್ದಾದರೆ ಸರಿ. ಕಾಯಿಯ ಹಾಲು ಚರ್ಮವನ್ನು ಸುಡುತ್ತದೆ.

ಇದೆಲ್ಲ ಮಾಡುವಾಗ ಉರಿ ಎದ್ದರೆ? "ಇನ್ನೆರಡು ನಿಮಿಷ ನೋಡೋಣ" ಬೇಡ. ತಕ್ಷಣ ನಲ್ಲಿಯ ತಣ್ಣೀರಿನಲ್ಲಿ ಹತ್ತು ನಿಮಿಷ ತೊಳೆದು, ಒದ್ದೆ ಬಟ್ಟೆ ಹಾಕಿ, ಆಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ಐಸನ್ನು ನೇರವಾಗಿ ಒತ್ತಬೇಡಿ. ಒಂದು ವಾರ ಬಿಸಿಲಿನಿಂದ ದೂರ. ಬೊಕ್ಕೆ ಎದ್ದರೆ, ಕಣ್ಣು ತುಟಿ ಊದಿದರೆ, ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಮಾಡಲೇಬಾರದ್ದು

ಬ್ಲೀಚು ಹೈಡ್ರೋಜನ್ ಪೆರಾಕ್ಸೈಡಿನ ಆಟ. ಅದು ಹೊಂಬಣ್ಣಕ್ಕೆ ತಿರುಗಿಸುವುದು ಮುಖದ ರೋಮವನ್ನು. ಚರ್ಮ ಬೆಳ್ಳಗಾಯಿತೆಂದು ನಾವು ನಂಬುತ್ತೇವೆ. ಪುಡಿ ಎರಡು ಚಿಟಿಕೆ ಹೆಚ್ಚಾದರೆ ಸುಟ್ಟ ಗಾಯ. ಆನ್‌ಲೈನಿನಲ್ಲಿ ಸಿಗುವ ಆಮ್ಲದ 'ಪೀಲ್' ಬಾಟಲಿಗಳನ್ನು ಮನೆಗೆ ತರಿಸಲೇಬೇಡಿ.

ಇದಕ್ಕಿಂತ ಕೇಡಿನದ್ದು ಮೆಡಿಕಲ್ ಸ್ಟೋರಿನ ಸಣ್ಣ ಟ್ಯೂಬು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳು ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತವೆ. ಇವು ಸ್ಟಿರಾಯ್ಡುಗಳು. ಹಚ್ಚಿದ ಕೆಲವೇ ದಿನಕ್ಕೆ ಮುಖ ತಿಳಿಯಾಗುತ್ತದೆ, ನೋಡಿದವರು ಹೊಗಳುತ್ತಾರೆ, ಅಕ್ಕಪಕ್ಕದವರೂ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ತಿಂಗಳುಗಳ ಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ, ಕೂದಲು ಬೆಳೆಯುತ್ತವೆ. ನಿಲ್ಲಿಸಿದರೆ ಮುಖ ಬೆಂಕಿಯಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹಲವು ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ನೀವೇ ನಿಲ್ಲಿಸದೆ ಚರ್ಮತಜ್ಞರ ಬಳಿ ಹೋಗಿ. ಬಿಡಿಸುವುದಕ್ಕೂ ಒಂದು ಕ್ರಮವಿದೆ.

ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇಲ್ಲದ ಬೆಳ್ಳಗಾಗುವ ಕ್ರೀಮಿನಲ್ಲಿ ಪಾದರಸ ಇರಬಹುದು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯೆಂದು ಬಂದ ಹಲವರನ್ನು ವಿಚಾರಿಸಿದಾಗ ವೈದ್ಯರಿಗೆ ಸಿಕ್ಕ ಸಮಾನ ಎಳೆ ಇಂಥ ಕ್ರೀಮುಗಳೇ.

ಕಲೆ ನಿಜಕ್ಕೂ ತಿಳಿಯಾಗಬೇಕೆಂದರೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಇದ್ದರೆ ಯುವಿಬಿ ಕಿರಣದ ಸುಮಾರು 97%, 50 ಇದ್ದರೆ 98% ತಡೆಯುತ್ತದೆ. ದುಬಾರಿ ಸಂಖ್ಯೆಗಿಂತ ಪ್ರಮಾಣ ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಿಟಕಿಯ ಗಾಜು ಯುವಿಎ ಕಿರಣವನ್ನು ಪೂರ್ತಿ ತಡೆಯದು, ಹಾಗಾಗಿ ಬಸ್ಸಿನ ಕಿಟಕಿ ಪಕ್ಕದ ಸೀಟಿನವರಿಗೂ ಬೇಕು. ಬಂಗು ಇರುವವರು ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೊಳ್ಳಲಿ; ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪಾಗಿಸುತ್ತದೆ. ಇದರ ಜೊತೆ ರಾತ್ರಿ 5% ನಿಯಾಸಿನಮೈಡ್ ಎರಡು ಮೂರು ತಿಂಗಳು ಹಚ್ಚಿದರೆ ವ್ಯತ್ಯಾಸ ಕಂಡೀತು. ಕುತ್ತಿಗೆಯ ಹಿಂದೆ ವೆಲ್ವೆಟ್ಟಿನ ಹಾಗೆ ದಪ್ಪನೆಯ ಕಪ್ಪಿದ್ದರೆ ಮಾತ್ರ ಯಾವ ಹಿಟ್ಟೂ ಬೇಡ. ಅದು ಹಲವು ಸಲ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಗುರುತು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಮದುವೆಯಿದ್ದವರು ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು. ಮೂರು ತಿಂಗಳ ಮೊದಲು ಸನ್‌ಸ್ಕ್ರೀನ್, ಒಂದೂವರೆ ತಿಂಗಳ ಮೊದಲು ಮೊದಲ ಫೇಶಿಯಲ್, ಕೊನೆಯದು ನಾಲ್ಕೈದು ದಿನ ಮುಂಚೆ. ಹೊಸದೇನನ್ನೂ ಆ ಕೊನೆಯ ವಾರ ಮುಖಕ್ಕೆ ತೋರಿಸಬಾರದು. ಕಳೆದ ವರ್ಷ ಅಕ್ಕನ ಮಗಳು ಹೀಗೇ ಮಾಡಿದಳು. ಅರಿಶಿನ ಶಾಸ್ತ್ರದ ದಿನ ಸೋದರತ್ತೆ ಬಟ್ಟಲು ಹಿಡಿದು ಬಂದಾಗ ಅವಳು ಕೈಕಾಲು ಮುಂದೆ ಚಾಚಿ, "ಅಜ್ಜಿ, ಕೆನ್ನೆಗೆ ಒಂದೇ ಬೆರಳು" ಎಂದಳು. ಅವರು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ಒಂದೇ ಬೆರಳು ಹಚ್ಚಿದರು. ನಿಂಬೆಹಣ್ಣೆಲ್ಲ ಪಾನಕಕ್ಕೇ ಹೋಯಿತು.